ಅಧ್ಯಕ್ಷ ನಿಜಲಿಂಗಪ್ಪನವರು: ಒಂದು ಮರುವಿಚಾರ

ಕಳೆದ ವರ್ಷ ರಾಜ್ಯೋತ್ಸವದ ಸಿದ್ಧತೆಗಾಗಿ ಸಾಂತಾಕ್ರೂಜ್‌ನಲ್ಲಿ ನಮ್ಮ ಸಂಘದ ಕಾರ್ಯಕಾರಿ ಸಮಿತಿಯು ಸೇರಿದ್ದಾಗ, ವೇದಿಕೆಯ ಹಿಂಬದಿಗೆ ಯಾರ ಯಾರ ಭಾವಚಿತ್ರಗಳನ್ನು ತೂಗಹಾಕಬೇಕೆಂಬ ಮಾತು ಬಂದಿತು. ಆಲೂರು ವೆಂಕಟರಾಯರ ವಿಷಯದಲ್ಲಿ ಯಾರ ತಕರಾರೂ ಇರಲಿಲ್ಲ. ಕುವೆಂಪು, ಬೇಂದ್ರೆಯವರ ವಿಷಯದಲ್ಲಿಯೂ ಇರಲಿಲ್ಲ. ಹಿರಿಯರೊಬ್ಬರು, "ಏಕೀಕೃತ ರಾಜ್ಯದ ಪ್ರಥಮ ಮುಖ್ಯಮಂತ್ರಿ ನಿಜಲಿಂಗಪ್ಪನವರದ್ದೂ ಇರಲಿ" ಎಂದರು. ಕೂಡಲೇ ಪಕ್ಕದಲ್ಲಿದ್ದ ನಿವೃತ್ತ ಬ್ಯಾಂಕ್ ಅಧಿಕಾರಿಗಳು, "ಅದು ಹೇಗೆ ಮಾರಾಯರೇ? ಬ್ಯಾಂಕುಗಳ ರಾಷ್ಟ್ರೀಕರಣಕ್ಕೆ ಅಡ್ಡ ಕುಳಿತವರಲ್ಲವೇ ಅವರು? ನಮ್ಮ ಮನೆಯ ಅನ್ನವೇ ಆ ರಾಷ್ಟ್ರೀಕರಣದ್ದು" ಎಂದು ಬಿಟ್ಟರು. ಚಹ ತಣ್ಣಗಾಗುವವರೆಗೆ ಚರ್ಚೆ ನಡೆಯಿತು. ನಾನೂ ಬ್ಯಾಂಕಿನ ಗುಮಾಸ್ತನೇ ಆದುದರಿಂದ ಇಬ್ಬರೂ ನನ್ನ ಕಡೆ ನೋಡಿದರು. ಅಂದು ನನಗೆ ಉತ್ತರ ಹೊಳೆಯಲಿಲ್ಲ. ಆಮೇಲೆ ಒಂದಿಷ್ಟು ಓದಿ, ವಿಚಾರಿಸಿ, ಮನಸ್ಸಿನಲ್ಲಿ ನಿಂತುದನ್ನು ಇಲ್ಲಿ ಓದುಗರ ಮುಂದಿಡುತ್ತಿದ್ದೇನೆ.

ಪ್ರತಿ ವರ್ಷ ಜುಲೈ 19ರಂದು ಯೂನಿಯನ್ನಿನವರು ಎದೆಗೆ ಬ್ಯಾಡ್ಜು ಸಿಕ್ಕಿಸಿಕೊಂಡು 1969ರ ರಾಷ್ಟ್ರೀಕರಣದ ದಿನವನ್ನು ಆಚರಿಸುತ್ತೇವೆ. ಅಂದಿನ ಭಾಷಣಗಳಲ್ಲಿ ನಿಜಲಿಂಗಪ್ಪನವರ ಹೆಸರು ಬಂದರೆ ಅದು ಸೋತವರ ಪಟ್ಟಿಯಲ್ಲಿ ಬರುತ್ತದೆ. ಮೂರು ತಿಂಗಳು ಕಳೆದು ನವೆಂಬರ್ 1 ಬಂದಾಗ ಅದೇ ಹೆಸರು ಗೆದ್ದವರ ಪಟ್ಟಿಯಲ್ಲಿ ಬರುತ್ತದೆ. ಒಬ್ಬನೇ ಮನುಷ್ಯನ ಎರಡು ಖಾತೆಗಳನ್ನು ಬೇರೆ ಬೇರೆ ಲೆಡ್ಜರುಗಳಲ್ಲಿ ಬರೆದಿಟ್ಟು ತಾಳೆ ನೋಡದೆ ಬಿಟ್ಟಂತೆ ಇದಾಗಿದೆ.

ನಿಜಲಿಂಗಪ್ಪನವರು ಹುಟ್ಟಿದ್ದು 1902ರ ಡಿಸೆಂಬರ್ 10ರಂದು, ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆಯ ಹಲುವಾಗಲು ಗ್ರಾಮದಲ್ಲಿ. ಕಾಲೇಜು ಓದಿದ್ದು ಮೈಸೂರು ಸಂಸ್ಥಾನದ ಬೆಂಗಳೂರಿನಲ್ಲಿ. ಕಾನೂನು ಕಲಿತದ್ದು ಮುಂಬಯಿ ಪ್ರಾಂತದ ಪುಣೆಯಲ್ಲಿ, ವಕೀಲಿ ಮಾಡಿದ್ದು ಚಿತ್ರದುರ್ಗದಲ್ಲಿ. ಕನ್ನಡ ನಾಡು ಹರಿದು ಹಂಚಿಹೋಗಿದ್ದ ಕಾಲದಲ್ಲಿ ಕನ್ನಡಿಗನೊಬ್ಬನು ಓದು ಮುಗಿಸುವುದರೊಳಗೆ ಮೂರು ಆಡಳಿತಗಳನ್ನು ದಾಟಬೇಕಾಗಿತ್ತು. ಏಕೀಕರಣವು ಅವರಿಗೆ ಬರಿಯ ಭಾವನೆಯ ವಿಷಯವಾಗಿರದೆ ಕಂಡುಂಡ ವಿಷಯವಾಗಿತ್ತೆಂದು ಇದರಿಂದ ಊಹಿಸಬಹುದು. ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆವಾಸ ಅನುಭವಿಸಿ, ಸಂವಿಧಾನ ಸಭೆಯ ಸದಸ್ಯರಾಗಿ, ಕರ್ನಾಟಕ ಪ್ರಾಂತ ಕಾಂಗ್ರೆಸ್ ಸಮಿತಿಯ ಅಧ್ಯಕ್ಷರಾಗಿ ಅವರು 1952ರಲ್ಲಿ ಚಿತ್ರದುರ್ಗದಿಂದ ಲೋಕಸಭೆಗೆ ಆರಿಸಿಹೋದರು.

ಏಕೀಕರಣದ ಯಶಸ್ಸನ್ನು ಅವರೊಬ್ಬರ ಹೆಸರಿಗೆ ಜಮಾ ಮಾಡುವುದು ಸರಿಯಲ್ಲ. 1953ರಲ್ಲಿ ಅದರಗುಂಚಿಯ ಶಂಕರಗೌಡ ಪಾಟೀಲರು ಉಪವಾಸ ಹೂಡಿದಾಗ ಹುಬ್ಬಳ್ಳಿಯಲ್ಲಿ ಜನ ರೊಚ್ಚಿಗೆದ್ದುದು ಪರರ ಮೇಲಲ್ಲ, ಮಾತಿನಲ್ಲೇ ಕಾಲ ಕಳೆಯುತ್ತಿದ್ದಾರೆಂದು ತಮ್ಮದೇ ಕಾಂಗ್ರೆಸ್ ಮುಖಂಡರ ಮೇಲೆ. ಹಳೆಯ ಮೈಸೂರಿನ ಅನೇಕರು ಏಕೀಕರಣಕ್ಕೆ ಒಲ್ಲೆವೆನ್ನುತ್ತಿದ್ದಾಗ ಅದನ್ನು ಒಪ್ಪಿದ ಕೆಂಗಲ್ ಹನುಮಂತಯ್ಯನವರು, ರಾಜ್ಯ ಒಂದಾಗುವ ಮೊದಲೇ, 1956ರಲ್ಲಿ ತಮ್ಮ ಕುರ್ಚಿಯನ್ನು ಕಳೆದುಕೊಂಡರು. ಬಿತ್ತಿದವರು, ನೀರೆರೆದವರು ಬಹಳ ಮಂದಿ. ಬೆಳೆ ಕೊಯ್ಯುವ ಹೊತ್ತಿಗೆ ಕುಡುಗೋಲು ಇದ್ದದ್ದು ನಿಜಲಿಂಗಪ್ಪನವರ ಕೈಯಲ್ಲಿ.

ಆದರೆ ಕೊಯ್ದ ಬೆಳೆಯನ್ನು ಒಂದೇ ಕಣಜಕ್ಕೆ ತುಂಬುವ ಕೆಲಸವೂ ಸಣ್ಣದಾಗಿರಲಿಲ್ಲ. ಇದನ್ನು ನಾನು ಪುಸ್ತಕದಿಂದ ತಿಳಿದದ್ದಕ್ಕಿಂತ ನನ್ನ ಕೌಂಟರಿನ ಹಿಂದೆ ಕುಳಿತು ತಿಳಿದದ್ದು ಹೆಚ್ಚು. ಇತ್ತೀಚಿನ ವರ್ಷಗಳಲ್ಲಿ ಸರಕಾರಿ ಬ್ಯಾಂಕುಗಳು ಒಂದರೊಳಗೊಂದು ಸೇರಿದುವಷ್ಟೆ. 2019ರಲ್ಲಿ ವಿಜಯಾ ಬ್ಯಾಂಕು ಬರೋಡಾ ಬ್ಯಾಂಕಿನಲ್ಲಿಯೂ, 2020ರಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನವಾದುವು. ಇಂಥ ವಿಲೀನವಾದ ಮರುದಿನ ನೌಕರರು ಮೊದಲು ಕೇಳುವ ಪ್ರಶ್ನೆ ಬ್ಯಾಂಕಿನ ಹೆಸರಿನದಲ್ಲ, "ಜ್ಯೇಷ್ಠತಾ ಪಟ್ಟಿಯಲ್ಲಿ ನಾನೆಲ್ಲಿ?" ಎಂಬುದು. ಒಂದೇ ನಮೂನೆಯ ಎರಡು ಬ್ಯಾಂಕುಗಳನ್ನು ಕೂಡಿಸುವುದೇ ಇಷ್ಟು ತೊಡಕಾದರೆ, 1956ರ ನವೆಂಬರ್ 1ರಂದು ಏನಾಗಿರಬೇಕು! ಮೈಸೂರಿನ ಜಿಲ್ಲೆಗಳ ಜತೆಗೆ ಮುಂಬಯಿ ರಾಜ್ಯದ ಬೆಳಗಾವಿ, ವಿಜಾಪುರ, ಧಾರವಾಡ, ಉತ್ತರ ಕನ್ನಡ. ಹೈದರಾಬಾದಿನ ಗುಲ್ಬರ್ಗಾ, ರಾಯಚೂರು, ಬೀದರ. ಮದರಾಸಿನ ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ. ಪ್ರತ್ಯೇಕ ರಾಜ್ಯವಾಗಿದ್ದ ಕೊಡಗು. ಐದು ಕಡೆಯ ಐದು ಸಂಬಳದ ಪಟ್ಟಿ, ಐದು ಬಗೆಯ ಕಂದಾಯದ ಕಾನೂನು, ಐದು ರೀತಿಯ ಕಡತ. ಒಂದು ಕಡೆಯ ಗುಮಾಸ್ತನು ಇನ್ನೊಂದು ಕಡೆಯ ಶಿರಸ್ತೇದಾರನಿಗೆ ಸಮನೋ ಅಲ್ಲವೋ ಎಂಬ ವ್ಯಾಜ್ಯಗಳು ಎಷ್ಟೋ ವರ್ಷ ಕೋರ್ಟುಗಳಲ್ಲಿ ನಡೆದುವು.

ಇದನ್ನೆಲ್ಲ ಗದ್ದಲವಿಲ್ಲದೆ ಕೂಡಿಸುತ್ತ ಬಂದದ್ದು ನಿಜಲಿಂಗಪ್ಪನವರ ನಿಜವಾದ ಸಾಧನೆಯೆಂದು ನನಗೆ ತೋರುತ್ತದೆ. ಅವರು ಎರಡು ಸಲ, ಅಂದರೆ 1956ರಿಂದ 1958ರ ಮೇ ತಿಂಗಳವರೆಗೆ, ಮತ್ತೆ 1962ರ ಜೂನಿನಿಂದ 1968ರ ಮೇ ವರೆಗೆ ಮುಖ್ಯಮಂತ್ರಿಯಾಗಿದ್ದರು. ನಡುವಿನ ಕಾಲದಲ್ಲಿ ಬಿ. ಡಿ. ಜತ್ತಿಯವರೂ, ಕೆಲವು ತಿಂಗಳು ಎಸ್. ಆರ್. ಕಂಠಿಯವರೂ ಇದ್ದರು. ಕನ್ನಡವನ್ನು ಆಡಳಿತ ಭಾಷೆಯನ್ನಾಗಿ ಮಾಡಿದ 1963ರ ಕಾಯಿದೆ, ಇಡೀ ರಾಜ್ಯಕ್ಕೆ ಒಂದೇ ಕಂದಾಯ ಕಾನೂನನ್ನು ತಂದ 1964ರ ಕಾಯಿದೆ ಎರಡೂ ಅವರ ಕಾಲದವು. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಅದೇ ವರ್ಷ ಮೇ ತಿಂಗಳಿನಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲಿಟ್ಟರು. ಬೆಂಗಳೂರು ವಿಶ್ವವಿದ್ಯಾಲಯವೂ ಕೃಷಿ ವಿಶ್ವವಿದ್ಯಾಲಯವೂ 1964ರಲ್ಲಿಯೇ ಕಾರ್ಯಾರಂಭ ಮಾಡಿದುವು.

1962ರ ಚುನಾವಣೆಯ ಪ್ರಸಂಗವೊಂದನ್ನು ಇಲ್ಲಿ ಹೇಳಲೇಬೇಕು. ಆ ಸಲ ನಿಜಲಿಂಗಪ್ಪನವರು ತಮ್ಮ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗದಲ್ಲಿಯೇ ಸೋತರು. ವಿಜಾಪುರ ಜಿಲ್ಲೆಯವರಾದ ಕಂಠಿಯವರು ಮುಖ್ಯಮಂತ್ರಿಯ ಪದವಿಯನ್ನು ಮೂರು ತಿಂಗಳು ಕಾದಿಟ್ಟರು. ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಉಪಚುನಾವಣೆಯಲ್ಲಿ ಗೆದ್ದು ಬಂದ ಮೇಲೆ ಅದನ್ನು ಅವರಿಗೇ ಬಿಟ್ಟುಕೊಟ್ಟರು. ಆರು ವರ್ಷಗಳ ಹಿಂದೆ ಮುಂಬಯಿಗೆ ಸೇರಿದ್ದ ಊರು ಮೈಸೂರಿನಲ್ಲಿ ಸೋತವರನ್ನು ಗೆಲ್ಲಿಸಿತು. ಕಂಠಿಯವರಂಥ ಮನುಷ್ಯರು ಇಂದಿನ ರಾಜಕೀಯದಲ್ಲಿ ಎಷ್ಟು ಮಂದಿ ಸಿಕ್ಕುವರೋ ನಾನರಿಯೆ.

ಕೊರತೆಗಳನ್ನು ಮುಚ್ಚಿಡುವುದು ಬೇಡ. ಏಳೂವರೆ ವರ್ಷ ಅಧಿಕಾರದಲ್ಲಿದ್ದರೂ ರಾಜ್ಯಕ್ಕೆ 'ಕರ್ನಾಟಕ' ಎಂಬ ಹೆಸರು ಬರಲಿಲ್ಲ. ಅದು ಬಂದದ್ದು 1973ರ ನವೆಂಬರ್ 1ರಂದು, ದೇವರಾಜ ಅರಸರ ಕಾಲದಲ್ಲಿ. ಭೂಸುಧಾರಣೆಯ ಕಾಯಿದೆ 1965ರ ಅಕ್ಟೋಬರ್ 2ರಂದು ಜಾರಿಗೆ ಬಂದರೂ ಗೇಣಿದಾರನ ಕೈಗೆ ಭೂಮಿ ದೊಡ್ಡ ಪ್ರಮಾಣದಲ್ಲಿ ಸಿಕ್ಕಿದ್ದು 1974ರ ತಿದ್ದುಪಡಿಯ ನಂತರವೇ. ನಮ್ಮ ಸಂಘದ ದಕ್ಷಿಣ ಕನ್ನಡದ ಕುಟುಂಬಗಳಲ್ಲಿ ಹಲವರು ಇದನ್ನು ನನಗಿಂತ ಚೆನ್ನಾಗಿ ಬಲ್ಲರು. ಕೆಲವರ ಮನೆಗೆ ಭೂಮಿ ಬಂದಿತು, ಕೆಲವರ ಮನೆಯಿಂದ ಹೋಯಿತು.

ಇನ್ನು ಮುಂಬಯಿ ಕನ್ನಡಿಗರಾದ ನಮಗೆ ಹೆಚ್ಚು ತಾಗಿದ ವಿಷಯ ಗಡಿಯದು. ಬೆಳಗಾವಿಯ ಪ್ರಶ್ನೆ ಬಿಸಿಯಾದಾಗ, 1966ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರವು ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನರ ಏಕಸದಸ್ಯ ಆಯೋಗವನ್ನು ನೇಮಿಸಿತು. ನಿಜಲಿಂಗಪ್ಪನವರು ಅದಕ್ಕೆ ಒಪ್ಪಿದರು. 1967ರ ವರದಿಯು ಬೆಳಗಾವಿ ನಗರವನ್ನು ಮೈಸೂರಿನಲ್ಲಿಯೇ ಉಳಿಸಿತು. ನಿಪ್ಪಾಣಿ, ಖಾನಾಪುರದ ಕಡೆಯ 264 ಹಳ್ಳಿಗಳು ಮಹಾರಾಷ್ಟ್ರಕ್ಕೂ, ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆಯ ಕಡೆಯ 247 ಹಳ್ಳಿಗಳು ಮೈಸೂರಿಗೂ ಸೇರಬೇಕೆಂದಿತು. ಚಂದ್ರಗಿರಿ ನದಿಯ ಉತ್ತರದ ಕಾಸರಗೋಡು ಮೈಸೂರಿಗೆ ಬರಬೇಕೆಂದೂ ಹೇಳಿತು. ಮಹಾರಾಷ್ಟ್ರವೂ ಒಪ್ಪಲಿಲ್ಲ, ಕೇರಳವೂ ಒಪ್ಪಲಿಲ್ಲ. ವರದಿಯು ಜಾರಿಗೆ ಬರಲೇ ಇಲ್ಲ. 2004ರಲ್ಲಿ ಮಹಾರಾಷ್ಟ್ರವು ಸುಪ್ರೀಂ ಕೋರ್ಟಿಗೆ ಹೋಯಿತು.

ಇಲ್ಲಿ ನಿಜಲಿಂಗಪ್ಪನವರ ಸ್ವಭಾವವು ಚೆನ್ನಾಗಿ ಕಾಣುತ್ತದೆ. ಜಗಳವಿದ್ದರೆ ಪಂಚರ ಮುಂದಿಡಬೇಕು, ಪಂಚರು ಹೇಳಿದ್ದನ್ನು ಇಬ್ಬರೂ ತಲೆಬಾಗಿ ಒಪ್ಪಬೇಕು ಎಂಬುದು ಅವರ ನಂಬಿಕೆ. ಚಿತ್ರದುರ್ಗದ ವಕೀಲರಿಗೆ ಒಪ್ಪುವ ನಂಬಿಕೆಯೇ. ಆದರೆ ಎದುರು ಪಕ್ಷದವನು ತೀರ್ಪನ್ನು ಒಪ್ಪದಿದ್ದರೆ ಏನು ಮಾಡಬೇಕೆಂಬುದಕ್ಕೆ ಅವರ ಬಳಿ ಉತ್ತರವಿರಲಿಲ್ಲ. 1969ರ ಫೆಬ್ರವರಿಯಲ್ಲಿ ಇದೇ ಗಡಿ ಪ್ರಶ್ನೆಯ ಮೇಲೆ ಮುಂಬಯಿಯಲ್ಲಿ ಗಲಭೆಯಾದಾಗ ಮಾಹೀಮ್, ದಾದರಿನ ಕಡೆ ಬೆಂಕಿ ಹತ್ತಿತು. ಅನೇಕ ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದುವು. ಆಗ ಹೋಟೆಲೊಂದರ ಗಲ್ಲೆಯಲ್ಲಿದ್ದ ನನ್ನ ಅಜ್ಜನವರು ಕದ ಮುಚ್ಚಿ, ದೀಪ ಆರಿಸಿ, ಹುಡುಗರೊಂದಿಗೆ ಅಡುಗೆಮನೆಯಲ್ಲಿ ಮೂರು ದಿನ ಕಳೆದರಂತೆ. ಹೊರಗೆ ಹೋದರೆ ಕನ್ನಡದಲ್ಲಿ ಮಾತಾಡಬೇಡಿರೆಂದು ಹುಡುಗರಿಗೆ ಹೇಳಿದ್ದರಂತೆ. "ನಮ್ಮವರೇ ಕಾಂಗ್ರೆಸ್ ಅಧ್ಯಕ್ಷರು, ಆದರೂ ನಮಗೆ ಹೀಗಾಯಿತಲ್ಲ" ಎಂದು ಅಜ್ಜ ಕೊನೆಯವರೆಗೂ ಹೇಳುತ್ತಿದ್ದರು. ಅಖಿಲ ಭಾರತದ ಅಧ್ಯಕ್ಷರಾದವರು ಒಂದು ರಾಜ್ಯದ ಪರವಾಗಿ ನಿಲ್ಲಲಾರರೆಂಬುದು ನ್ಯಾಯವೇ ಇರಬಹುದು. ಅಡುಗೆಮನೆಯ ಕತ್ತಲೆಯಲ್ಲಿ ಕುಳಿತವರಿಗೆ ಆ ನ್ಯಾಯ ಅರ್ಥವಾಗುವುದು ಕಷ್ಟ.

ಈಗ ನಮ್ಮ ಸಮಿತಿಯ ಜಗಳಕ್ಕೆ ಬರೋಣ. ಕಾಮರಾಜರ ನಂತರ, 1968ರ ಆರಂಭದಲ್ಲಿ ನಿಜಲಿಂಗಪ್ಪನವರು ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾದರು. 1967ರ ಚುನಾವಣೆಯಲ್ಲಿ ಕಾಂಗ್ರೆಸ್ಸು ಹಲವು ರಾಜ್ಯಗಳನ್ನು ಕಳೆದುಕೊಂಡಿತ್ತು. ಪಕ್ಷದ ಹಿರಿಯ ಮುಖಂಡರ ಕೂಟವನ್ನು ಪತ್ರಿಕೆಗಳು 'ಸಿಂಡಿಕೇಟ್' ಎಂದು ಕರೆಯುತ್ತಿದ್ದುವು. ಕಾಮರಾಜರು, ಬಂಗಾಳದ ಅತುಲ್ಯ ಘೋಷರು, ಆಂಧ್ರದ ಸಂಜೀವ ರೆಡ್ಡಿಯವರು, ನಮ್ಮ ಮುಂಬಯಿಯ ಎಸ್. ಕೆ. ಪಾಟೀಲರು ಇದರಲ್ಲಿದ್ದರು. (ಚಿಕ್ಕವನಿದ್ದಾಗ ಈ ಹೆಸರನ್ನು ಕೇಳಿ ಇವರೆಲ್ಲ ಮಣಿಪಾಲದ ಸಿಂಡಿಕೇಟ್ ಬ್ಯಾಂಕಿನ ಡೈರೆಕ್ಟರುಗಳೆಂದೇ ನಾನು ತಿಳಿದಿದ್ದೆ. ಕರಾವಳಿಯ ಮಕ್ಕಳಿಗೆ ಆ ಶಬ್ದಕ್ಕೆ ಬೇರೆ ಅರ್ಥವಿರಲಿಲ್ಲ.) ಪಾಟೀಲರನ್ನಂತೂ 1967ರಲ್ಲಿ ದಕ್ಷಿಣ ಮುಂಬಯಿಯಲ್ಲಿ ಮಂಗಳೂರಿನ ಜಾರ್ಜ್ ಫರ್ನಾಂಡಿಸರು ಸೋಲಿಸಿದ್ದರು. ಅಧ್ಯಕ್ಷರಾದಾಗ ನಿಜಲಿಂಗಪ್ಪನವರು ಹಿರಿಯರಿಗೂ ಪ್ರಧಾನಿ ಇಂದಿರಾ ಗಾಂಧಿಯವರಿಗೂ ಒಪ್ಪಿಗೆಯಾದವರಾಗಿದ್ದರು. ಎಲ್ಲರನ್ನೂ ಕೂಡಿಸಿಕೊಂಡು ಹೋಗುವರೆಂದೇ ಅವರನ್ನು ಆರಿಸಿದ್ದು.

1969ರ ಏಪ್ರಿಲಿನಲ್ಲಿ ಫರೀದಾಬಾದಿನ ಅಧಿವೇಶನದಲ್ಲಿ ಅವರು ಸರಕಾರಿ ಉದ್ದಿಮೆಗಳ ಅದಕ್ಷತೆಯನ್ನು ಟೀಕಿಸಿದರು. ಪ್ರಧಾನಿಯವರು ಅಲ್ಲಿಯೇ ಅದಕ್ಕೆ ಎದುರುತ್ತರ ಕೊಟ್ಟರು. ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನರು ತೀರಿಕೊಂಡರು. ಜುಲೈಯಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಸಮಿತಿ ಸೇರಿದಾಗ, ಪಾರ್ಲಿಮೆಂಟರಿ ಮಂಡಳಿಯ ಬಹುಮತವು ಪ್ರಧಾನಿಯವರ ಇಚ್ಛೆಗೆ ವಿರುದ್ಧವಾಗಿ ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿಯೆಂದು ಆರಿಸಿತು. ಪ್ರಧಾನಿಯವರ ಉತ್ತರ ಒಂದು ವಾರದೊಳಗೆ ಬಂದಿತು. ಜುಲೈ 16ರಂದು ಮೊರಾರ್ಜಿ ದೇಸಾಯಿಯವರ ಕೈಯಿಂದ ಹಣಕಾಸು ಖಾತೆ ಹೋಯಿತು. 19ರಂದು 50 ಕೋಟಿ ರೂಪಾಯಿಗೂ ಮಿಕ್ಕಿ ಠೇವಣಿಯುಳ್ಳ 14 ಬ್ಯಾಂಕುಗಳು ರಾಷ್ಟ್ರದ ಸೊತ್ತಾದುವು. ಆ 14ರಲ್ಲಿ ಕೆನರಾ ಮತ್ತು ಸಿಂಡಿಕೇಟ್ ಎರಡೂ ನಮ್ಮ ಒಂದೇ ಜಿಲ್ಲೆಯ ಕೂಸುಗಳು.

ನಿಜಲಿಂಗಪ್ಪನವರು ರಾಷ್ಟ್ರೀಕರಣಕ್ಕೆ ಅಡ್ಡ ಕುಳಿತರೆಂಬ ಮಾತು ಪೂರ್ತಿ ಸರಿಯಲ್ಲ. ಬೆಂಗಳೂರಿನ ಆರ್ಥಿಕ ಠರಾವು ಅವರ ಅಧ್ಯಕ್ಷತೆಯಲ್ಲಿಯೇ ಅಂಗೀಕಾರವಾಯಿತು. ಬ್ಯಾಂಕುಗಳ ಮೇಲೆ ಸಾಮಾಜಿಕ ನಿಯಂತ್ರಣವಿರಬೇಕೆಂಬುದು ಅದಕ್ಕೆ ಮೊದಲೇ ಪಕ್ಷವು ಒಪ್ಪಿದ್ದ ನೀತಿ. ಅವರಿಗೆ ಅದರಲ್ಲಿ ಉತ್ಸಾಹವಿರಲಿಲ್ಲವೆನ್ನಬಹುದು, ಅಷ್ಟೆ. ಅವರ ನಿಜವಾದ ತಪ್ಪು ಬೇರೆ. ಬ್ಯಾಂಕಿನ ಬಾಗಿಲಲ್ಲಿ ನಿಲ್ಲಲೂ ಅಂಜುತ್ತಿದ್ದ ರೈತ, ರಿಕ್ಷಾದವ, ಸಣ್ಣ ಅಂಗಡಿಯವನಿಗೆ ಜುಲೈ 19ರ ಸುದ್ದಿ ಏನು ಹೇಳಿತೆಂಬುದನ್ನು ಅವರು ಅಳೆಯಲಿಲ್ಲ. 1969ರಲ್ಲಿ ದೇಶದಲ್ಲಿ ಸುಮಾರು 8 ಸಾವಿರ ಬ್ಯಾಂಕ್ ಶಾಖೆಗಳಿದ್ದುವು. 1990ರ ಹೊತ್ತಿಗೆ ಸುಮಾರು 60 ಸಾವಿರ ಆದುವು. ಆ ಶಾಖೆಗಳಲ್ಲಿ ನಮ್ಮವರೆಷ್ಟು ಜನ ಕೆಲಸಕ್ಕೆ ಸೇರಿ ಮುಂಬಯಿಗೆ ಬಂದರೆಂಬುದನ್ನು ಈ ಸಂಚಿಕೆಯ ಸದಸ್ಯರ ಪಟ್ಟಿಯೇ ಹೇಳುತ್ತದೆ. ಪ್ರಧಾನಿಯವರು ಜನರೊಡನೆ ಮಾತನಾಡುತ್ತಿದ್ದಾಗ ಅಧ್ಯಕ್ಷರು ಸಮಿತಿಯೊಡನೆ ಮಾತನಾಡುತ್ತಿದ್ದರು.

ಎರಡನೆಯ ತಪ್ಪೂ ಲೆಕ್ಕದ್ದೇ. ರಾಷ್ಟ್ರಪತಿ ಚುನಾವಣೆಯಲ್ಲಿ ಸಂಜೀವ ರೆಡ್ಡಿಯವರು ಒಂದು ಕಡೆ, ವಿ. ವಿ. ಗಿರಿಯವರು ಇನ್ನೊಂದು ಕಡೆ. ಮೂರನೆಯವರು ರಿಸರ್ವ್ ಬ್ಯಾಂಕಿನ ಹಿಂದಿನ ಗವರ್ನರ್ ಸಿ. ಡಿ. ದೇಶಮುಖರು, ಅವರಿಗೆ ಜನಸಂಘ, ಸ್ವತಂತ್ರ ಪಕ್ಷಗಳ ಬೆಂಬಲ. ನಿಜಲಿಂಗಪ್ಪನವರು ಆ ಪಕ್ಷಗಳ ಮುಖಂಡರನ್ನು ಕಂಡು ಎರಡನೆಯ ಪ್ರಾಶಸ್ತ್ಯದ ಮತಗಳನ್ನು ಕೇಳಿದರು. ಚುನಾವಣೆಯ ಗಣಿತದಲ್ಲಿ ಅದು ಸರಿಯಾದ ಹೆಜ್ಜೆ. ದೇಶಮುಖರ ಮತಗಳು ಹಂಚಿಕೆಯಾದಾಗ ರೆಡ್ಡಿಯವರಿಗೆ ಬಹಳಷ್ಟು ಸಿಕ್ಕುವು ಕೂಡ. ಆದರೆ ಅಷ್ಟರಲ್ಲಿ ಅಧ್ಯಕ್ಷರು ಬಲಪಂಥದವರೊಡನೆ ಒಳಒಪ್ಪಂದ ಮಾಡಿಕೊಂಡರೆಂಬ ಕೂಗು ಎದ್ದು, ಕಾಂಗ್ರೆಸ್ಸಿನ ಮತವೇ ಸೀಳಿಹೋಯಿತು. ಪ್ರಧಾನಿಯವರು ಆತ್ಮಸಾಕ್ಷಿಯಂತೆ ಮತ ಹಾಕಿರೆಂದರು. ಗಿರಿಯವರಿಗೆ 4,20,077, ರೆಡ್ಡಿಯವರಿಗೆ 4,05,427. ಅಂತರ 14,650 ಮಾತ್ರ.

ಆ ಮೇಲಿನದು ಬೇಗ ಮುಗಿಯುವ ಕಥೆ. ನವೆಂಬರ್ 12ರಂದು ಅಧ್ಯಕ್ಷರು ಪ್ರಧಾನಿಯವರನ್ನು ಪಕ್ಷದಿಂದ ಹೊರಹಾಕಿದರು. ಅದೇ ತಿಂಗಳು 22ರಂದು ದಿಲ್ಲಿಯಲ್ಲಿ ಪ್ರಧಾನಿಯವರ ಕಡೆಯವರು ಕರೆದ ಸಭೆಗೆ ಕಾಂಗ್ರೆಸ್ ಸಮಿತಿಯ 705 ಸದಸ್ಯರಲ್ಲಿ 446 ಮಂದಿ ಬಂದರು. ಕಾಗದದ ಮೇಲೆ ಹೊರಹಾಕಿದವರು ಇವರು, ಮನೆಯಿಂದ ಹೊರಬಿದ್ದವರೂ ಇವರೇ. 1971ರ ಲೋಕಸಭಾ ಚುನಾವಣೆಯಲ್ಲಿ ಸಂಸ್ಥಾ ಕಾಂಗ್ರೆಸ್ಸಿಗೆ ದೇಶದಲ್ಲೆಲ್ಲ 16 ಸ್ಥಾನ. ತಮ್ಮ ಕೈಯಾರೆ ಕಟ್ಟಿದ ಮೈಸೂರು ರಾಜ್ಯದ 27ಕ್ಕೆ 27ನ್ನೂ ಇಂದಿರಾ ಗಾಂಧಿಯವರ ಕಾಂಗ್ರೆಸ್ಸು ಗೆದ್ದುಕೊಂಡಿತು.

ಹಾಗಾದರೆ ಅವರು ಬರಿಯ ಸೋತ ಮುದುಕರೇ? ನನಗೆ ಹಾಗೆನ್ನಿಸುವುದಿಲ್ಲ. 1969ರಲ್ಲಿ ಅವರು ಎತ್ತಿದ ಒಂದು ಪ್ರಶ್ನೆ ಬ್ಯಾಂಕಿನದೂ ಅಲ್ಲ, ರಾಷ್ಟ್ರಪತಿಯದೂ ಅಲ್ಲ: ಪಕ್ಷದ ಅಧ್ಯಕ್ಷನು ಪ್ರಧಾನಿಯನ್ನು ಜವಾಬು ಕೇಳಬಹುದೇ, ಕೂಡದೇ? ದೇಶವು ಆಗ ಕೂಡದೆಂದಿತು. 1978ರಿಂದ ಇಂದಿರಾ ಗಾಂಧಿಯವರೇ ಅಧ್ಯಕ್ಷರು; 1980ರಲ್ಲಿ ಮತ್ತೆ ಪ್ರಧಾನಿಯಾದ ಮೇಲೆ ಎರಡೂ ಪದವಿ ಅವರಲ್ಲಿಯೇ ಇದ್ದುವು. ರಾಜೀವ ಗಾಂಧಿಯವರೂ, ನರಸಿಂಹರಾಯರೂ ಪ್ರಧಾನಿಯಾಗಿದ್ದಾಗ ಅಧ್ಯಕ್ಷ ಪದವಿಯನ್ನೂ ತಾವೇ ಇಟ್ಟುಕೊಂಡರು. ಬೇರೆ ಪಕ್ಷಗಳನ್ನು ನೋಡಿದರೂ ಸರಕಾರ ನಡೆಸುವವರಿಗೆ ಎದುರು ನಿಂತು ಪತ್ರ ಬರೆದ ಪಕ್ಷಾಧ್ಯಕ್ಷರನ್ನು ಬೆರಳಲ್ಲಿ ಎಣಿಸಬೇಕು. ಪ್ರಶ್ನೆ ಸರಿಯಾಗಿತ್ತು, ಅದನ್ನು ಎತ್ತಲು ಅವರು ಆರಿಸಿಕೊಂಡ ಸಂದರ್ಭವೂ ಜತೆಗಾರರೂ ಸರಿಯಾಗಿರಲಿಲ್ಲ. ಐದು ಆಡಳಿತಗಳನ್ನು ಕೂಡಿಸುವಾಗ ನೆರವಾದ ತಾಳ್ಮೆ, ಸಮಿತಿಯ ಮೇಲಿನ ಭರವಸೆ, ನಿಯಮದ ಮೇಲಿನ ನಿಷ್ಠೆ ಇವೇ ದಿಲ್ಲಿಯಲ್ಲಿ ಅವರನ್ನು ಕಟ್ಟಿಹಾಕಿದುವು.

1977ರಲ್ಲಿ ಸಂಸ್ಥಾ ಕಾಂಗ್ರೆಸ್ಸು ಜನತಾ ಪಕ್ಷದಲ್ಲಿ ಕೂಡಿಹೋಯಿತು. ಅದೇ ವರ್ಷ ಜುಲೈಯಲ್ಲಿ ಸಂಜೀವ ರೆಡ್ಡಿಯವರು ಅವಿರೋಧವಾಗಿ ರಾಷ್ಟ್ರಪತಿಯಾದರು. ಅವರಿಗೆ ಅಧಿಕಾರ ಒಪ್ಪಿಸಿದವರು ಹಂಗಾಮಿ ರಾಷ್ಟ್ರಪತಿಯಾಗಿದ್ದ ಜತ್ತಿಯವರು, ಅಂದರೆ 1958ರಲ್ಲಿ ನಿಜಲಿಂಗಪ್ಪನವರ ಕುರ್ಚಿಗೆ ಬಂದವರು. ನಿಜಲಿಂಗಪ್ಪನವರು ಅಷ್ಟರಲ್ಲಿ ಚಿತ್ರದುರ್ಗದ ತಮ್ಮ ಮನೆಗೆ ಮರಳಿದ್ದರು. ತೀರಿಕೊಂಡದ್ದು 2000ದ ಆಗಸ್ಟ್ 8ರಂದು, 97ನೆಯ ವಯಸ್ಸಿನಲ್ಲಿ. ಅವರ ನಂತರ ಕರ್ನಾಟಕದವರೊಬ್ಬರು ಕಾಂಗ್ರೆಸ್ಸಿನ ಅಧ್ಯಕ್ಷರಾದದ್ದು 2022ರಲ್ಲಿ, ಮಲ್ಲಿಕಾರ್ಜುನ ಖರ್ಗೆಯವರು. ಅವರ ಕಲಬುರಗಿ 1956ರಲ್ಲಿ ಹೈದರಾಬಾದಿನಿಂದ ಬಂದು ಕೂಡಿದ ಜಿಲ್ಲೆಗಳಲ್ಲೊಂದು.

ನಮ್ಮ ಸಮಿತಿಯು ಈ ವರ್ಷ ಭಾವಚಿತ್ರವನ್ನು ಹಾಕುವುದೆಂದು ತೀರ್ಮಾನಿಸಿದೆ. ನಿವೃತ್ತ ಅಧಿಕಾರಿಗಳು, "ಹಾಕಿ, ಆದರೆ ಕೆಳಗೆ ಪೂರ್ತಿ ಬರೆಯಿರಿ" ಎಂದರು. ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. 'ಏಕೀಕೃತ ರಾಜ್ಯದ ಪ್ರಥಮ ಮುಖ್ಯಮಂತ್ರಿ, 1956' ಎಂಬ ಒಂದು ಸಾಲು, 'ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರು, 1968–69' ಎಂಬ ಇನ್ನೊಂದು ಸಾಲು. ಚೌಕಟ್ಟಿನ ಕೆಳಗಿನ ಪಟ್ಟಿ ಇಕ್ಕಟ್ಟಾಗಿರುವುದರಿಂದ ಎರಡನೆಯ ಸಾಲನ್ನು ಸ್ವಲ್ಪ ಸಣ್ಣ ಅಕ್ಷರದಲ್ಲಿ ಬರೆಯಬೇಕಾಯಿತು.